ಹಸಿದ ಗೊಂಬೆಗಳು

ಕಂತು ಮೂರು

"ಆಂಟಿ, ಕೈ ಹಾಕಬೇಡಿ! ಅದು ಎವಿಡೆನ್ಸ್!"

ವಿಕಾಸ್ ಕೂಗುವಷ್ಟರಲ್ಲಿ ನನ್ನ ಎರಡು ಬೆರಳು ಗೊಂಬೆಯ ಹೊಟ್ಟೆಯೊಳಗೆ ಹೋಗಿಯಾಗಿತ್ತು. ಆಂಟಿ ಎಂದು ಕರೆದು ಅದೇ ಉಸಿರಿನಲ್ಲಿ ಅಪ್ಪಣೆ ಕೊಡುವ ಹುಡುಗರ ಮಾತು ಕೇಳುವ ಅಭ್ಯಾಸ ನನಗಿಲ್ಲ.

ಭಾನುವಾರ ಬೆಳಿಗ್ಗೆ. ನವಿ ಮುಂಬಯಿಯ ವಾಶಿಯ ಪ್ರದರ್ಶನ ಸಭಾಂಗಣ. ಕಾಮಿಕ್ಸ್ ಮೇಳದ ಎರಡನೆಯ ದಿನ. ಹೊರಗೆ ರಟ್ಟಿನ ಕತ್ತಿ ಹಿಡಿದು, ಥರ್ಮಕೋಲಿನ ರೆಕ್ಕೆ ಕಟ್ಟಿಕೊಂಡ ಹುಡುಗ ಹುಡುಗಿಯರ ಸಾಲು ಗೇಟು ತೆರೆಯುವುದನ್ನೇ ಕಾಯುತ್ತಿತ್ತು. ಒಳಗೆ ವಿಕಾಸನ ದೊಡ್ಡ ಸ್ಟಾಲಿನಲ್ಲಿ ಡಬ್ಬಿಗಟ್ಟಲೆ ಗೊಂಬೆಗಳು ಹೊಟ್ಟೆ ತೆರೆದುಕೊಂಡು, ಹತ್ತಿ ಕಾರಿಕೊಂಡು ಬಿದ್ದಿದ್ದವು.

ನಿನ್ನೆ ಇದೇ ಜಾಗದಲ್ಲಿ ಘಣಸೋಲಿಯ ಐಶ್ವರ್ಯಾ ಎಂಬ ಹುಡುಗಿ ಎಲ್ಲರೆದುರು "ನಿನ್ನ ಗೊಂಬೆಗಳ ಹೊಟ್ಟೆ ಬಗೀತೀನಿ" ಎಂದು ವಿಕಾಸನಿಗೆ ಕೂಗಿದ್ದಳು. ಇವತ್ತು ಬೆಳಿಗ್ಗೆ ಅವು ಬಗೆದ ಸ್ಥಿತಿಯಲ್ಲೇ ಸಿಕ್ಕಿದ್ದವು. ಅವಳ ಅಪ್ಪ ಚನ್ನಪ್ಪ ಗಾಬರಿಯಾಗಿ ನನಗೆ ಫೋನ್ ಮಾಡಿದ್ದರು.

ನಾನು ವಿನೋದಾ. ಮನೆ ನೆರೂಳಿನಲ್ಲಿ, ಆಫೀಸು ಥಾಣೆಯಲ್ಲಿ. ಬೋರ್ಡಿನಲ್ಲಿ ಪತ್ತೇದಾರಿ ಎಂದಿದ್ದರೂ ಹೆಚ್ಚಿನ ಕೆಲಸವೆಲ್ಲ ಮದುವೆ ಗಂಡುಗಳ ಬಂಡವಾಳ ಬಯಲು ಮಾಡುವುದು. ಹಾಗಾಗಿ ವಿಕಾಸನಂಥವರನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತುತ್ತದೆ. ಮನೆ ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡದಲ್ಲಿ, ಗಡ್ಡ ಅಳತೆ ಹಿಡಿದು ಕತ್ತರಿಸಿದ್ದು, ಮಾತಿನಲ್ಲಿ ಎಲ್ಲರೂ 'ಬ್ರೋ'.

"ಎವಿಡೆನ್ಸ್ ಅಂತ ಗೊತ್ತುಂಟಲ್ಲ ನಿನಗೆ, ಹಾಗಾದ್ರೆ ಸ್ವಲ್ಪ ದೂರ ನಿಲ್ಲು ಮಾರಾಯ. ನಿನ್ನ ನೆರಳು ಬೀಳ್ತಾ ಉಂಟು," ಎಂದೆ.

ಅವನ ಗೊಂಬೆಯ ಹೆಸರು ಗೋಧಡಿ ಗರ್ಲ್. ತುಂಡು ಬಟ್ಟೆಗಳನ್ನು ಸೇರಿಸಿ ಹೊಲಿದ ಹೊದಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಹಾರುವ ಹೆಂಗಸು, ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ. ಎದುರುಗಡೆಯ ಸಾಲಿನಲ್ಲಿ ಐಶ್ವರ್ಯಾಳ ಪುಟ್ಟ ಟೇಬಲ್ಲು. ಅವಳ ಗೊಂಬೆಯ ಹೆಸರು ಕೌದೆವ್ವ, ಎಂದರೆ ಕೌದಿಯ ಅವ್ವ. ಬೆನ್ನಿಗೆ ಅದೇ ಹೊದಿಕೆ, ಗದ್ದದ ಮೇಲೆ ಅದೇ ಮೂರು ಚುಕ್ಕಿ. ಉತ್ತರ ಕರ್ನಾಟಕದವರ ಕೌದಿಗೆ ಮರಾಠಿಯಲ್ಲಿ ಗೋಧಡಿ ಎನ್ನುತ್ತಾರೆ. ಕದ್ದ ಮಾಲಿಗೆ ಬೇರೆ ಹೆಸರು ಹುಡುಕುವ ಕಷ್ಟವನ್ನೂ ಈ ಪುಣ್ಯಾತ್ಮ ತೆಗೆದುಕೊಂಡಿರಲಿಲ್ಲ.

ಐಶ್ವರ್ಯಾ ಕೌದೆವ್ವನ ಕತೆ ಬರೆದು ಚಿತ್ರ ಬಿಡಿಸಿದ್ದು ಎರಡು ವರ್ಷದ ಹಿಂದೆ. ಅದನ್ನು ಮನೆಯ ಕಪಾಟಿನಲ್ಲಿಟ್ಟು, ಹಗಲು ಆಫೀಸಿನಲ್ಲಿ ದುಡಿದು, ರಜೆಯಲ್ಲೆಲ್ಲ ಕೂತು ಗೊಂಬೆ ಹೊಲಿದಿದ್ದಳು. ಮೇಳದಲ್ಲಿ ಅವಳಿಗೆ ಇದು ಮೊದಲ ಅಂಗಡಿ. ಎದುರಿನ ಸ್ಟಾಲಿನ ಪರದೆ ಮೇಲೇಳುವ ತನಕ ಅವಳಿಗೆ ಏನೂ ಗೊತ್ತಿರಲಿಲ್ಲ.

"ಮೇಡಂ," ಎಂದು ಮೇಳದ ವ್ಯವಸ್ಥಾಪಕ ವಸಂತಕುಮಾರ ಹಣೆ ಒರೆಸಿಕೊಂಡರು. ಬೆಂಗಳೂರಿನವರು. ಎಲ್ಲರಿಗೂ ಒಳ್ಳೆಯವರಾಗಲು ಹೋಗಿ ಬೆವರುವ ಪೈಕಿ. "ಮಧ್ಯಾಹ್ನದ ಮೇಲೆ ಪೊಲೀಸರು ಬರ್ತಾರೆ. ಅಷ್ಟರೊಳಗೆ ನೀವು ಏನೂ ಹೇಳ್ಲಿಲ್ಲ ಅಂದ್ರೆ ಆ ಹುಡುಗಿ ಹೆಸರಲ್ಲೇ ಕಂಪ್ಲೇಂಟ್ ಆಗತ್ತೆ. ಆಮೇಲೆ ಯಾವ ಮೇಳದಲ್ಲೂ ಅವಳಿಗೆ ಟೇಬಲ್ ಸಿಗಲ್ಲ. ಕೂಗಿದ್ದನ್ನ ಅರ್ಧ ಜನ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದಾರೆ."

"ಕೂಗಿದ್ದು ರೆಕಾರ್ಡ್ ಆಗಿದೆ. ಬಗೆದದ್ದು ಆಗಿದೆಯಾ?"

ಅವರು ಮತ್ತೆ ಹಣೆ ಒರೆಸಿಕೊಂಡರು.

ನಾನು ಗೊಂಬೆಯನ್ನು ಬೆಳಕಿಗೆ ಹಿಡಿದೆ. ಹೊಟ್ಟೆ ಬಗೆದರೆ ಬಟ್ಟೆ ಹರಿಯಬೇಕು, ಕತ್ತರಿಯ ಗುರುತಾದರೂ ಇರಬೇಕು. ಇಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ಹೊಲಿಗೆಯ ತೂತುಗಳು ಸಾಲಾಗಿ, ಕಿವಿ ಚುಚ್ಚಿದ ಹಾಗೆ ನೀಟಾಗಿ ಉಳಿದಿದ್ದವು. ಕೈಗೆ ಸಿಕ್ಕ ಗೊಂಬೆಗಳನ್ನೆಲ್ಲ ನೋಡಿದೆ. ಎಲ್ಲದರದ್ದೂ ಹೀಗೆಯೇ.

ಡಬ್ಬಿಯ ತಳದಲ್ಲಿ ಕೆಂಪು ದಾರಗಳು ಬಿದ್ದಿದ್ದವು. ತುಂಡುಗಳಲ್ಲ, ಇಡೀ ಇಡೀ ದಾರಗಳು. ಒಂದಕ್ಕೂ ಗಂಟಿಲ್ಲ. ಯಾರೋ ಯಾವ ತುದಿ ಹಿಡಿದು ಎಳೆದರೆ ಹೊಲಿಗೆ ಬಿಡುತ್ತದೆಂದು ತಿಳಿದು, ಒಂದೊಂದೇ ಜಗ್ಗಿ ತೆಗೆದಿದ್ದರು. ಸಿಟ್ಟಿನಲ್ಲಿ ನುಗ್ಗಿದವರ ಕೆಲಸ ಇದಲ್ಲ.

ದಾರಗಳ ಕೆಳಗೆ, ಡಬ್ಬಿಯ ಮೂಲೆಯಲ್ಲಿ, ನಾಲ್ಕೈದು ಬಿಳಿ ಕಾಳು.

ಜೋಳ.

ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಜೋಳ ಕಾಣುವುದು ಅಪರೂಪ. ಆದರೆ ಮುಂಬಯಿಯಲ್ಲಿ ಇಷ್ಟು ವರ್ಷ ಬದುಕಿ ಭಾಕರಿ ರೊಟ್ಟಿಯ ಕಾಳು ಗೊತ್ತಾಗದಷ್ಟು ಕುರುಡಿಯಲ್ಲ ನಾನು. ಕಾಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

"ಗೊಂಬೆಯೊಳಗೆ ಎಂತ ತುಂಬಿಸಿದ್ದು?" ಎಂದು ವಿಕಾಸನನ್ನು ಕೇಳಿದೆ.

"ಹತ್ತಿ. ಮತ್ತೇನು ತುಂಬಿಸ್ತಾರೆ?"

"ಯಾರಿಂದ ಹೊಲಿಸಿದ್ದು?"

"ಡೊಂಬಿವಲಿಯ ಒಬ್ಬ ಕಾಂಟ್ರ್ಯಾಕ್ಟರ್. ಯಾರ್ಯಾರೋ ಲೇಡೀಸ್ ಮನೇಲಿ ಹೊಲೀತಾರೆ. ಅವರ ಜಾತಕ ನಾನು ಇಟ್ಕೊಂಡಿಲ್ಲ ಆಂಟಿ."

ನಾನು ಎದುರಿನ ಸಾಲಿಗೆ ಹೋದೆ.

ಐಶ್ವರ್ಯಾಳ ಟೇಬಲ್ಲಿನ ಮೇಲೆ ಮೇಳದವರು ಚಾದರ ಹೊದಿಸಿಬಿಟ್ಟಿದ್ದರು. ಅದರ ಹಿಂದೆ ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಅಪ್ಪನ ಕಿರಾಣಿ ಅಂಗಡಿಯಿಂದ ತಂದ ಬಿಸ್ಕಿಟ್ ಡಬ್ಬಿಗಳನ್ನು ಬೋರಲಾಗಿಸಿ, ಮೇಲೆ ಹಳೆಯ ಇಳಕಲ್ ಸೀರೆ ಹಾಸಿ, ಮೆಟ್ಟಿಲು ಮಾಡಿದ್ದಳಂತೆ. ಚಾದರದ ಅಡಿಯಲ್ಲಿ ಅದರ ಆಕಾರ ಮಾತ್ರ ಕಾಣುತ್ತಿತ್ತು. ನಿನ್ನೆ ಮೊದಲ ಗೊಂಬೆ ಮಾರಿದ ಖುಷಿಗೆ ಹುಡುಗಿ ದುಡ್ಡು ಕೇಳುವುದನ್ನೇ ಮರೆತಿದ್ದಳಂತೆ. ಕೊಂಡವಳೇ ತಿರುಗಿ ಬಂದು ಕೊಟ್ಟಳಂತೆ. ಎರಡು ವರ್ಷ ಬೆವರು ಸುರಿಸಿದವಳು ಕಳ್ಳಿಯ ಹಾಗೆ ಮೂಲೆಯಲ್ಲಿ, ಕದ್ದವನು ದೀಪದ ಕೆಳಗೆ.

"ಮೈಂನೆ ನಹೀಂ ಕಿಯಾ ಮೇಡಂ," ಎಂದಳು. ಆಮೇಲೆ ತಡೆದು ಕನ್ನಡದಲ್ಲಿ, "ಮಾಡಬೇಕಿತ್ತು. ಮಾಡಲಿಲ್ಲ ಅನ್ನೂದ ಒಂದು ಸಿಟ್ಟು ನನಗ."

"ಸಿಟ್ಟು ಇರಲಿ. ಅದು ಕೆಲಸಕ್ಕೆ ಬರ್ತದೆ. ನಿನ್ನ ಗೊಂಬೆ ಒಂದು ಕೊಡು."

ಚಾದರದ ಅಡಿಯಿಂದ ಒಂದು ಕೌದೆವ್ವನನ್ನು ತೆಗೆದುಕೊಟ್ಟಳು. ಹೊಟ್ಟೆಯನ್ನು ಒತ್ತಿ ನೋಡಿದೆ. ಹತ್ತಿಯ ನಡುವೆ ಏನೋ ಗಟ್ಟಿ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು.

"ಇದರೊಳಗೆ ಎಂತ ಉಂಟು?"

"ಜ್ವಾಳ," ಎಂದಳು, ಅದರಲ್ಲೇನು ವಿಶೇಷ ಎನ್ನುವ ಹಾಗೆ. "ನಮ್ಮ ಮನ್ಯಾಗ ಕೌದಿ ಹೊಲಿಯುವಾಗ ನಡುವಿನ ತುಂಡು ಕಡೀಕ ಹಚ್ಚತಾರ. ಅದರ ಕೆಳಗ ರೊಟ್ಟಿ ಚೂರರ, ಇಲ್ಲಾ ನಾಕ ಕಾಳು ಜ್ವಾಳರ ಇಟ್ಟು ಹೊಲೀತಾರ. ಕೌದಿ ಹೊಟ್ಟಿ ತುಂಬಸೂದು ಅಂತಾರ ಅದಕ್ಕ. ಹಸದ ಕೌದಿ ಹೊತಗೊಂಡ್ರ ನಿದ್ದಿ ಹತ್ತೂದಿಲ್ಲಂತ. ಕೌದೆವ್ವನ ಹೊಟ್ಟಿ ಖಾಲಿ ಬಿಡಲಿಕ್ಕೆ ನನಗ ಮನಸ ಬರಲಿಲ್ಲ."

"ಯಾರು ಕಲಿಸಿದ್ದು?"

"ನಮ್ಮ ಆಯಿ, ಬಸವಣ್ಣೆವ್ವ." ಅವರ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯ ಹಾಗೆ ತಾಯಿಯಲ್ಲ. "ಆಕಿ ತೀರಿಕೊಂಡ್ಲು."

ನಾನು ಕರವಸ್ತ್ರ ಬಿಚ್ಚಿ ಕಾಳು ತೋರಿಸಿದೆ. "ಇದು ವಿಕಾಸನ ಡಬ್ಬಿಯಲ್ಲಿ ಸಿಕ್ಕಿದ್ದು. ಅವನ ಗೊಂಬೆಗಳಿಗೂ ಯಾರೋ ಹೊಟ್ಟೆ ತುಂಬಿಸಿದ್ದಾರೆ. ಆಮೇಲೆ ತೆಗೆದಿದ್ದಾರೆ. ನಿನ್ನ ಆಯಿ ಮತ್ತೆ ಯಾರಿಗೆ ಕಲಿಸಿದ್ರು?"

ಹುಡುಗಿಯ ಮುಖದ ಬಣ್ಣ ಇಳಿಯಿತು. ಕಾಳುಗಳನ್ನೇ ನೋಡುತ್ತಾ ಕೂತಳು.

"ಮೇಡಂ, ಇದನ್ನ ಇಲ್ಲೇ ಬಿಟ್ಟಬಿಡ್ರಿ. ಪೊಲೀಸರು ನನ್ನ ಹೆಸರಽ ಬರಕೊಳ್ಳಲಿ."

"ಯಾರನ್ನು ಉಳಿಸ್ತಾ ಇದ್ದಿ ನೀನು?"

ಅಷ್ಟರಲ್ಲಿ ಚನ್ನಪ್ಪ ಎರಡು ಕಪ್ ಚಹಾ ಹಿಡಿದುಕೊಂಡು ಬಂದರು. ಬಿಳಿ ಅಂಗಿ, ದಪ್ಪ ಮೀಸೆ, ಬಿಜಾಪುರದ ಕಡೆಯ ಗಟ್ಟಿ ಆಳು. ಹೆಂಡತಿ ಹೋದ ಮೇಲೆ ಮಗಳೇ ಸರ್ವಸ್ವ ಎಂದು ಫೋನಿನಲ್ಲಿ ಹೇಳಿದ್ದವರು.

"ಚನ್ನಪ್ಪನೋರೇ, ನಿಮ್ಮ ಮನೆಯಲ್ಲಿ ಕೌದಿ ಹೊಲಿಯುವುದು ಯಾರು?" ಎಂದು ಸುಮ್ಮನೆ ಎಂಬಂತೆ ಕೇಳಿದೆ.

"ಬಾಲಮ್ಮ ಅಲ್ಲೇನ್ರಿ. ನಮ್ಮ ಹೆಂಡತಿ ತಂಗಿ. ಗಂಡ ತೀರಿದ ಮ್ಯಾಲ ಮಗ್ಗಲ ಓಣ್ಯಾಗ ಇರ್ತಾಳ. ಐಶೂನ್ನ ಸಾಕಿದಾಕಿನ ಆಕಿ. ಯಾಕ್ರಿ?"

ಐಶ್ವರ್ಯಾ ಕಣ್ಣು ಮುಚ್ಚಿಕೊಂಡಳು. ಚನ್ನಪ್ಪನಿಗೆ ಏನೂ ತಿಳಿಯಲಿಲ್ಲ. ಅವರ ಮುಖ ನೋಡಿದೆ. ಈ ಮನುಷ್ಯ ಹುಟ್ಟಿದಾಗಿನಿಂದ ಕೌದಿ ಹೊದ್ದು ಮಲಗಿದವರು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿದವರಲ್ಲ. ಹೆಂಗಸರ ಕೈಕೆಲಸದ ಸಂಗತಿ ಗಂಡಸರಿಗೆ ಯಾಕೆ?

ಘಣಸೋಲಿಗೆ ಲೋಕಲ್ ರೈಲು ಹಿಡಿದೆ. ಸೆಕ್ಟರುಗಳ ಹೊಸ ಕಟ್ಟಡಗಳನ್ನು ದಾಟಿದರೆ ಹಳೆಯ ಊರು ಸಿಗುತ್ತದೆ. ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಓಣಿಗಳು. ಬಾಲಮ್ಮನ ಮನೆ ಎಂದು ಕೇಳಿದೆ, ಹೊಲಿಗೆ ಯಂತ್ರದ ಸದ್ದು ಬರುವ ಬಾಗಿಲು ತೋರಿಸಿದರು.

ಬಾಗಿಲು ತೆರೆದವಳ ಮುಖ ನೋಡಿದೆ. ಅಗಲ ಹಣೆ, ಸ್ವಲ್ಪ ಸೊಟ್ಟ ಮೂಗು, ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ.

ಕೌದೆವ್ವನೇ ಎದುರು ನಿಂತಿದ್ದಳು.

"ಪೊಲೀಸರೇನ್ರಿ ನೀವು?"

"ಅಲ್ಲ. ಪೊಲೀಸರಿಗಾದ್ರೂ ಊಟದ ಹೊತ್ತು ಅಂತ ಉಂಟು. ನನಗೆ ಅದೂ ಇಲ್ಲ."

ಬಾಲಮ್ಮ ನಗಲಿಲ್ಲ. ಒಳಗೆ ಕರೆದು ಚಾಪೆ ಹಾಸಿ ನೀರು ಕೊಟ್ಟಳು. ನಾನು ಕರವಸ್ತ್ರ ಬಿಚ್ಚಿ ಅವಳ ಮುಂದಿಟ್ಟೆ. ಅವಳು ಕಾಳುಗಳನ್ನು ಒಂದೊಂದಾಗಿ ಆರಿಸಿ ತನ್ನ ಅಂಗೈಗೆ ಹಾಕಿಕೊಂಡಳು.

"ಇಷ್ಟು ಉಳದಿದ್ದೂ ಏನು," ಎಂದಳು. "ಗಡಿಬಿಡ್ಯಾಗ ನೋಡಲಿಲ್ಲ."

ಹೀಗೆ ಸುಲಭವಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಹೆದರಿಕೆ. ಅವರ ಹತ್ತಿರ ಮುಚ್ಚಿಡಲು ಬೇರೆ ಏನೋ ಇರುತ್ತದೆ.

"ವಿಕಾಸನ ಗೊಂಬೆ ಹೊಲಿದದ್ದು ನೀವಾ?"

"ನಾನಽ. ಯಾರದ ಅಂತ ಗೊತ್ತಿರಲಿಲ್ಲ. ಕತ್ತರಿಸಿದ ಅರಿವಿ ಚೀಲದಾಗ ಬಂತು. ಮಾರಿ ಇಲ್ಲ, ಕಣ್ಣು ಮೂಗು ಇಲ್ಲ, ಬರೇ ಮೈ, ಮ್ಯಾಲ ಒಂದು ಸಣ್ಣ ಕೌದಿ. ಮಕ್ಕಳು ಓದೂ ಸಾಲಿಗೆ ಬೇಕಂತ ಹೇಳಿದ್ರು. ಮಕ್ಕಳು ಆಡೂ ಗೊಂಬಿ ಹಸದಿರಬಾರದು ನೋಡ್ರಿ. ಎಲ್ಲಾ ಗೊಂಬಿಗೂ ಹೊಟ್ಟಿ ತುಂಬಿಸಿ ಕಳಿಸಿದೆ. ಮಾರಿ ಆಮ್ಯಾಲ ಅವರು ಹಚ್ಚಿಕೊಂಡಾರ."

"ಐಶ್ವರ್ಯಾ ಅದೇ ಗೊಂಬೆ ಹೊಲಿಯುವುದು ನೀವು ನೋಡಿರಲಿಲ್ವಾ?"

"ತೋರಿಸಿದ್ರಲ್ಲ! ಚಿಗವ್ವಾ, ನಿನಗ ಒಂದು ಆಶ್ಚರ್ಯ ಐತಿ, ಮೇಳದಾಗ ನೋಡೀಯಂತ ಅಂತಿದ್ಲು. ನಿನ್ನೆ ಹೋದೆ. ಆ ಇಳಕಲ್ ಸೀರಿ ಮ್ಯಾಲ ಸಾಲಾಗಿ ನನ್ನ ಮಾರಿ ಕುಂತಿತ್ತು." ಅವಳು ಗದ್ದದ ಚುಕ್ಕಿಗಳನ್ನು ಮುಟ್ಟಿಕೊಂಡಳು. "ನಾನು ಹಡೀಲಿಲ್ರಿ ಆಕೀನ್ನ. ನಮ್ಮಕ್ಕ ಹಡದಾಕಿ. ಆದ್ರ ಆಕಿ ದೇವರಂಥಾಕಿನ್ನ ಮಾಡಬೇಕು ಅಂದಾಗ ನನ್ನ ಮಾರಿ ಬರದ್ಲು. ನನಗ ಎಷ್ಟು ಹಿಗ್ಗಾತು ಅಂದ್ರ, ಮಂದಿ ಮುಂದಽ ಅತ್ತಬಿಟ್ಟೆ."

"ಆಮೇಲೆ ತಿರುಗಿ ನೋಡಿದ್ರಿ."

"ತಿರುಗಿ ನೋಡಿದೆ. ಎದುರಿಗೆ ಆ ಕಳ್ಳನ ಅಂಗಡ್ಯಾಗೂ ನನ್ನ ಮಾರಿ. ನನ್ನ ಕೈ ಹೊಲಿಗಿ. ನನ್ನ ಮಗಳ ಕುತಗಿ ಕೊಯ್ಯಾಕ ನನ್ನ ಕೈಲಿಂದನಽ ಚೂರಿ ಮಾಡಿಸಿದ್ರು."

ಪಕ್ಕದ ಮನೆಯ ಟಿವಿಯಲ್ಲಿ ಮರಾಠಿ ಧಾರಾವಾಹಿಯ ಅತ್ತೆ ಕಿರುಚುತ್ತಿದ್ದಳು.

"ಸಂಜಿಕ ಎಲ್ಲಾರೂ ಅಂಗಡಿ ಮುಚ್ಚಾಕ ಹತ್ತಿದ್ರು. ಐಶೂ ಸಾಮಾನು ಇಡಾಕ ಟೆಂಪೋ ಕಡೆ ಹೋದ್ಲು. ನಾನು ಆ ಪರದೆ ಹಿಂದ ಹೋದೆ. ಹರಿಯಾಕ ಮನಸ ಬರಲಿಲ್ಲ, ನನ್ನ ಹೊಲಿಗಿ ಅದು. ದಾರ ಜಗ್ಗಿದೆ, ಜ್ವಾಳ ತಗದೆ, ಸೆರಗಿನ್ಯಾಗ ಕಟಗೊಂಡು ಬಂದೆ. ಉಣಿಸಿದಾಕಿ ನಾನು. ಕಳ್ಳನ ಮನಿ ಗೊಂಬಿ ಹೊಟ್ಟ್ಯಾಗ ನಮ್ಮ ಅನ್ನ ಯಾಕ ಇರಬೇಕು? ಹಸದಽ ಇರಲಿ."

ನಾನು ಎಷ್ಟೋ ಸೇಡು ಕಂಡಿದ್ದೇನೆ. ಆಸಿಡ್ ಬಾಟಲಿ, ಸುಳ್ಳು ಕೇಸು, ಮದುವೆ ಮಂಟಪದಲ್ಲಿ ಹಂಚಿದ ಫೋಟೋ. ಆದರೆ ಉಣಿಸಿದ ತುತ್ತನ್ನು ಹೊಟ್ಟೆಯಿಂದ ವಾಪಸು ತೆಗೆದುಕೊಂಡವಳನ್ನು ಕಂಡದ್ದು ಇದೇ ಮೊದಲು. ನನಗೆ ಅವಳ ಮೇಲೆ ಗೌರವ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ಕ್ಷಮಿಸುವುದು ದೊಡ್ಡ ಗುಣ ಅನ್ನುತ್ತಾರೆ. ದೊಡ್ಡವರು ಕ್ಷಮಿಸಿಕೊಳ್ಳಲಿ.

"ಬಾಲಮ್ಮ, ಇದನ್ನು ಪೊಲೀಸರ ಎದುರು ಹೇಳ್ತೀರಾ? ಹುಡುಗಿ ನಿಮ್ಮನ್ನು ಉಳಿಸ್ಲಿಕ್ಕೆ ತಾನೇ ತಲೆ ಕೊಡ್ತಾ ಇದ್ದಾಳೆ."

ಅವಳು ಆಗಲೇ ಎದ್ದು ಸೀರೆಯ ನಿರಿಗೆ ಸರಿ ಮಾಡಿಕೊಳ್ಳುತ್ತಿದ್ದಳು. "ನಡೀರಿ."

"ಒಂದು ಉಳಿಯಿತು. ಆ ಬಟ್ಟೆಯ ಚೀಲ ಈ ಬಾಗಿಲಿಗೆ ತಂದುಕೊಟ್ಟದ್ದು ಯಾರು?"

ಬಾಲಮ್ಮನ ಕೈ ನಿಂತಿತು.

"ಅದೊಂದು ಕೇಳಬ್ಯಾಡ್ರಿ. ನನ್ನ ಕೈ ಮಾಡಿದ್ದಕ್ಕ ನಾನು ಬರ್ತೀನಿ. ಮತ್ತೊಬ್ಬರ ಹೆಸರು ನನ್ನ ಬಾಯಿಲಿಂದ ಬರೂದಿಲ್ಲ."

ನಾವು ವಾಶಿಗೆ ಬಂದಾಗ ಮೇಳ ರಂಗೇರಿತ್ತು. ಎಲ್ಲಿ ನೋಡಿದರೂ ಬಣ್ಣದ ವಿಗ್ಗು, ಮುಖವಾಡ, ಸೆಲ್ಫಿ. ಆ ಗದ್ದಲದ ನಡುವೆ ಖಾಕಿ ಹಾಕಿದ ಒಬ್ಬ ಹವಾಲ್ದಾರರು ಐಶ್ವರ್ಯಾಳ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದರು. ಹತ್ತು ಜನ ಅವರದ್ದೂ ವೇಷವೇ ಇರಬೇಕೆಂದು ಫೋಟೋ ಕೇಳಿಹೋಗಿದ್ದರಂತೆ. ಅವರ ಹುಬ್ಬು ಗಂಟಿಕ್ಕಿತ್ತು.

ವಿಕಾಸ್ ಕೈ ಕಟ್ಟಿಕೊಂಡು ನಿಂತಿದ್ದ. ವಸಂತಕುಮಾರರೂ ಇದ್ದರು. ಚನ್ನಪ್ಪ ಮಗಳ ಭುಜ ಹಿಡಿದಿದ್ದರು.

"ಒಪ್ಪಿಕೊಂಡಿದ್ದಾಳೆ," ಎಂದ ವಿಕಾಸ್. "ನೀವು ಸುಮ್ಮನೆ ಓಡಾಡಿದ್ರಿ ಆಂಟಿ."

"ಚಿಗವ್ವಾ!" ಎಂದು ಐಶ್ವರ್ಯಾ ಎದ್ದುನಿಂತಳು. "ನೀ ಯಾಕ ಬಂದಿ?"

"ಸುಮ್ಮನಿರು," ಎಂದಳು ಬಾಲಮ್ಮ.

ನಾನು ಹವಾಲ್ದಾರರಿಗೆ ಮರಾಠಿಯಲ್ಲಿ ವಿಷಯ ತಿಳಿಸಿದೆ. ಆಮೇಲೆ ವಿಕಾಸನ ಸ್ಟಾಲಿಗೆ ಹೋಗಿ, ಇನ್ನೂ ಟೇಪು ಬಿಚ್ಚದ ಒಂದು ಡಬ್ಬಿ ಎತ್ತಿಕೊಂಡು ಬಂದೆ. ಅವನು ತಡೆಯಲು ಬಂದ. ಹವಾಲ್ದಾರರು ಕಣ್ಣು ಬಿಟ್ಟರು. ನಿಂತ.

"ಈ ಡಬ್ಬಿಯ ಗೊಂಬೆಗಳನ್ನು ಯಾರೂ ಮುಟ್ಟಿಲ್ಲ, ಹೌದಾ?" ಎಂದು ಅವನನ್ನೇ ಕೇಳಿದೆ.

"ಸೀಲ್ ನೀವೇ ನೋಡಿದ್ರಲ್ಲ."

"ತೆರೆದು ಒಂದು ಗೊಂಬೆ ತೆಗೆ. ಹೊಲಿಗೆ ಬಿಚ್ಚು. ಹರಿಯಬಾರದು."

ಅವನು ತಿರುಗಿಸಿ ಮುರುಗಿಸಿ ನೋಡಿದ. ದಾರದ ತುದಿ ಸಿಗಲಿಲ್ಲ. ಐಶ್ವರ್ಯಾಳಿಗೆ ಕೊಟ್ಟೆ. ಅವಳಿಗೂ ಆಗಲಿಲ್ಲ. ಅವಳು ಗಂಟು ಹಾಕಿ ಹೊಲಿಯುವವಳು, ಹೊಸ ಕಾಲದ ಹುಡುಗಿ. ಬಾಲಮ್ಮ ಗೊಂಬೆ ತೆಗೆದುಕೊಂಡು, ಕಂಕುಳ ಹತ್ತಿರ ಹೊಲಿಗೆಯೊಳಗೆ ಅಡಗಿಸಿದ್ದ ತುದಿಯನ್ನು ಉಗುರಿನಿಂದ ಎತ್ತಿ ಜಗ್ಗಿದಳು. ಹೊಟ್ಟೆ ತೆರೆಯಿತು. ಬಿಳಿ ಜೋಳದ ಕಾಳು ಟೇಬಲ್ಲಿನ ಮೇಲೆ ಉರುಳಿದವು.

ಸುತ್ತ ನೆರೆದಿದ್ದ ಮುಖವಾಡಗಳೆಲ್ಲ "ಓಹೋ" ಎಂದವು.

"ಇದೇನಿದು?" ಎಂದರು ಚನ್ನಪ್ಪ. ಅವರ ಧ್ವನಿ ಬೇರೆಯಾಗಿತ್ತು. "ಗೊಂಬಿ ಒಳಗ ಜ್ವಾಳ ಯಾಕ ಬಂತು?"

"ಹೆಂಗಸರನ್ನು ಕೇಳಬೇಕಿತ್ತು ನೀವು," ಎಂದೆ. "ಹೊಲಿಯಲಿಕ್ಕೆ ಕೊಡುವ ಮೊದಲೇ."

ಮಾತು ಬಾಯಿಂದ ಜಾರಿದ್ದಲ್ಲ. ಬೇಕೆಂದೇ ಬಿಟ್ಟದ್ದು. ಬಾಲಮ್ಮ ಹೆಸರು ಹೇಳುವುದಿಲ್ಲ ಎಂದಾಗಲೇ ನನಗೆ ಅನುಮಾನ ಗಟ್ಟಿಯಾಗಿತ್ತು. ವಿಧವೆ ಹೆಂಗಸು ಯಾವಾಗ ಹೆಸರು ಮುಚ್ಚಿಡುತ್ತಾಳೆ? ತಾನು ಸಾಕಿದ ಮಗಳ ಮನೆ ಒಡೆಯಬಾರದು ಎಂದಾದರೆ ಮಾತ್ರ.

ಐಶ್ವರ್ಯಾ ನನ್ನನ್ನು ನೋಡಿದಳು. ಚಿಗವ್ವನನ್ನು ನೋಡಿದಳು. ಬಾಲಮ್ಮ ನೆಲ ನೋಡುತ್ತಿದ್ದಳು.

"ಚಿಗವ್ವಾ, ಅರಿವಿ ಯಾರು ತಂದುಕೊಟ್ರು?"

"ಬಿಡಽ ಈಗ."

"ನೀ ಹೊರಗಿನವರ ಕೆಲಸ ತಗೊಳ್ಳೂದಿಲ್ಲ. ಗಂಡಸರು ಬಂದ್ರ ಬಾಗಿಲಽ ತಗಿಯೂದಿಲ್ಲ. ಬರೂದು ಒಬ್ಬರಽ." ಅವಳು ಹಿಂದೆ ತಿರುಗಿದಳು. ಭುಜದ ಮೇಲಿದ್ದ ಕೈಯನ್ನು ನೋಡಿದಳು. "ನನ್ನ ಚಿತ್ರ ಕಪಾಟಿನ್ಯಾಗ ಇದ್ವು. ಕಪಾಟಿನ ಕೀಲಿ ನಿಮ್ಮ ಹಂತ್ಯಾಕೂ ಇತ್ತು. ಅಪ್ಪಾ?"

ಚನ್ನಪ್ಪ ಕೈ ತೆಗೆದರು.

ಸಿಕ್ಕಿಬಿದ್ದವರು ಸಾಮಾನ್ಯವಾಗಿ ಮೊದಲು ಕೂಗಾಡುತ್ತಾರೆ. ಅವರು ಕೂಗಾಡಲಿಲ್ಲ. ಮೀಸೆ ಸವರಿಕೊಂಡು, ಅವರ ಕಡೆಯ ರೂಢಿಯಂತೆ ಮಗಳನ್ನು ತಂಗಿ ಎಂದು ಕರೆದು ಮೆಲ್ಲಗೆ ಹೇಳಿದರು, "ಒಂದ ಸಲ ಸೋತ್ರ ಮನಿಗಿ ಬರ್ತಿ ಅಂತ ಮಾಡಿದೆ ತಂಗಿ. ಬಂದ ಗಂಡುಗಳನ್ನೆಲ್ಲ ಬ್ಯಾಡ ಅಂತಿ. ಗೊಂಬಿ, ಚಿತ್ರ ಅಂತ ಕುಂತಿ. ಮೊದಲನೇ ದಿನಾನ ಮುರದ್ರ ಹುಚ್ಚು ಬಿಡ್ತದ ಅಂದಕೊಂಡೆ. ಪೊಲೀಸರ ತನಕಾ ಹೋಗ್ತದ ಅಂತ ನನಗೇನ ಗೊತ್ತು? ಅದಕ್ಕಽ ಈ ಪತ್ತೇದಾರಿ ಬಾಯಾರಿಗೆ ಫೋನ್ ಮಾಡಿದೆ. ಯಾರರ ಒಬ್ಬರು ಸಿಕ್ರ ಸಾಕಾಗಿತ್ತು."

ಯಾರಾದರೂ ಒಬ್ಬರು. ನನ್ನನ್ನು ಕರೆಸಿದ್ದು ಯಾರ ತಲೆಗಾದರೂ ಕಟ್ಟಲಿಕ್ಕೆ. ನನ್ನ ಕಕ್ಷಿದಾರನೇ ಕಳ್ಳ, ಅದೂ ಮಗಳ ಕಪಾಟಿನ ಕಳ್ಳ.

ಐಶ್ವರ್ಯಾ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹವಾಲ್ದಾರರ ಎದುರಿನ ಕುರ್ಚಿಯಲ್ಲಿ ಹೋಗಿ ಕೂತಳು, ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ಕೂತವಳ ಹಾಗೆ.

"ಸಾಹೇಬ್, ಮಲಾ ತಕ್ರಾರ್ ದ್ಯಾಯಚೀ ಆಹೆ," ಎಂದಳು. ದೂರು ಕೊಡಬೇಕು ಎಂದು.

ಹವಾಲ್ದಾರರು ಪೆನ್ನು ತೆಗೆದರು. ಯಾರ ಮೇಲೆ ಎಂದು ಕೇಳಿದರು.

"ನನ್ನ ಚಿತ್ರ ಕದ್ದು ಮಾರಿದವರ ಮ್ಯಾಲ. ಹೆಸರು ಚನ್ನಪ್ಪ. ಘಣಸೋಲಿ. ನನ್ನ ಅಪ್ಪ."

ಬಾಲಮ್ಮ ಬಾಯಿಗೆ ಸೆರಗು ಹಿಡಿದಳು. ಹವಾಲ್ದಾರರ ಪೆನ್ನು ಕಾಗದದ ಮೇಲೆಯೇ ನಿಂತಿತು. ಅವರಿಗೂ ಹೆಣ್ಣುಮಕ್ಕಳಿರಬೇಕು.

ಆಗ ನಾನು ನಿರೀಕ್ಷಿಸದ ಕಡೆಯಿಂದ ಕೂಗು ಬಂತು.

"ಬೇಡ! ಬರೀಬೇಡಿ ಸಾಹೇಬ್!"

ವಿಕಾಸ್. ಬೆಳಗಿನಿಂದ ಎವಿಡೆನ್ಸ್ ಎವಿಡೆನ್ಸ್ ಎಂದು ಹಾರಾಡಿದವನ ಹಣೆಯಲ್ಲಿ ಬೆವರಿನ ಹನಿ. "ನನ್ನ ಕಂಪ್ಲೇಂಟ್ ವಾಪಸ್. ಕೆಲಸದವಳದ್ದೂ ಬೇಡ, ಇವಳದ್ದೂ ಬೇಡ. ನನ್ನ ಸ್ಟಾಲ್ ಈಗಲೇ ಖಾಲಿ ಮಾಡ್ತೀನಿ. ಗೋಧಡಿ ಗರ್ಲ್ ಇವತ್ತಿಗೆ ಬಂದ್, ಬೇಕಾದ್ರೆ ಮೈಕಲ್ಲಿ ಹೇಳ್ತೀನಿ. ಅವರ ಹೆಸರು ಮಾತ್ರ ಪೊಲೀಸ್ ಕಾಗದದ ಮೇಲೆ ಬರಬಾರದು."

ನಾನು ಚನ್ನಪ್ಪನ ಕಡೆ ನೋಡಿದೆ. ಅವರು ಮಗಳನ್ನು ನೋಡುತ್ತಿರಲಿಲ್ಲ. ವಿಕಾಸನನ್ನು ನೋಡುತ್ತಿದ್ದರು, ಬಾಯಿ ಮುಚ್ಚು ಎನ್ನುವ ಹಾಗೆ. ಡೊಂಬಿವಲಿಯ ಕಾಂಟ್ರ್ಯಾಕ್ಟರ್ ಎಂದು ಅವನು ಹೇಳಿದ್ದು ಹಾಗಾದರೆ ಸುಳ್ಳು. ಘಣಸೋಲಿಯ ಕಿರಾಣಿ ಅಂಗಡಿಯವರಿಗೂ ಘೋಡಬಂದರ್ ರಸ್ತೆಯ ಈ ಹುಡುಗನಿಗೂ ಪರಿಚಯ ಎಲ್ಲಿಂದ? ಕದ್ದವನು ಕದ್ದುಕೊಟ್ಟವರ ಹೆಸರಿಗೆ ಇಷ್ಟು ಹೆದರುವುದು ಯಾಕೆ?

ವಸಂತಕುಮಾರರಿಗೆ ಮಾತ್ರ ಸ್ವರ್ಗ ಸಿಕ್ಕಿದಂತಾಗಿತ್ತು. "ನೋಡಿ, ಎಲ್ಲಾ ಸರಿಹೋಯ್ತು! ಮುಚ್ಚೋಕೆ ಇನ್ನೂ ಟೈಮ್ ಇದೆ ಕಣಮ್ಮ," ಎನ್ನುತ್ತಾ ತಾವೇ ಐಶ್ವರ್ಯಾಳ ಟೇಬಲ್ಲಿನ ಚಾದರ ಎಳೆದರು.

ಇಳಕಲ್ ಸೀರೆಯ ಮೆಟ್ಟಿಲುಗಳ ಮೇಲೆ ಕೌದೆವ್ವಂದಿರು ಸಾಲಾಗಿ ಕೂತಿದ್ದರು. ಮುಖವಾಡ ತೆಗೆದ ಹುಡುಗಿಯರು ಆಗಲೇ ಕೈ ಚಾಚುತ್ತಿದ್ದರು. "ದೀದೀ, ಯೇ ಕಿತನೇ ಕಾ ಹೈ?" ಎಂದು ಒಬ್ಬಳು ಬೆಲೆ ಕೇಳಿದಳು. ಎರಡು ವರ್ಷ ಅವಳು ಕಾದದ್ದು ಇದಕ್ಕೇ. ಎದುರಿನ ಸ್ಟಾಲಿನಲ್ಲಿ ವಿಕಾಸನ ಹುಡುಗರು ಬ್ಯಾನರು ಇಳಿಸತೊಡಗಿದ್ದರು. ಹವಾಲ್ದಾರರೂ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು.

"ಬಾ ತಂಗಿ," ಎಂದರು ಚನ್ನಪ್ಪ. "ಗಿರಾಕಿ ನಿಂತಾವ. ಮಾರು."

ಐಶ್ವರ್ಯಾ ಎದ್ದಳು. ಟೇಬಲ್ಲಿನ ಹತ್ತಿರ ಹೋದಳು. ಚಾದರವನ್ನು ನೆಲದಿಂದ ಎತ್ತಿ, ಎರಡೂ ತುದಿ ಹಿಡಿದು ಕೊಡವಿ, ತನ್ನ ಕೈಯಾರೆ ಕೌದೆವ್ವಂದಿರ ಮೇಲೆ ಮತ್ತೆ ಹೊದಿಸಿದಳು. ಆಮೇಲೆ ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತಳು.

"ಬರೀರಿ ಸಾಹೇಬ್," ಎಂದಳು. "ಅಪ್ಪನ ಹೆಸರು ಇನ್ನೊಮ್ಮೆ ಹೇಳ್ಲೇನು?"